ಗೋಲಿನ ಹಿಂದಿನ ದೃಷ್ಟಿಬೊಂಬೆ

ನಾಕ್‌ಫಾರನ್ ರೋವರ್ಸ್ ಎಂಬ ಫುಟ್‌ಬಾಲ್ ತಂಡವನ್ನು ಬೈಯುವುದಕ್ಕೆಂದೇ ಪ್ರತಿವರ್ಷ ತಪ್ಪದೆ ಸೀಸನ್ ಟಿಕೆಟ್ ಕೊಳ್ಳುತ್ತಿದ್ದವರು ನಮ್ಮ ವೆಂಕಟೇಶಮೂರ್ತಿ. ಉಳಿದವರು ತಂಡ ಗೆಲ್ಲಲಿ ಎಂದು ಹಾರೈಸಿಕೊಂಡು ಹೋಗಿ, ಮುಖ ಬಾಡಿಸಿಕೊಂಡು ಬರುತ್ತಿದ್ದರು. ಮೂರ್ತಿಯವರು ಸೋಲನ್ನೇ ನಿರೀಕ್ಷಿಸಿ ಹೋಗಿ, ಸೋಲನ್ನೇ ಕಂಡು, ಮದುವೆ ಊಟ ಮುಗಿಸಿದವರಂತೆ ತೃಪ್ತರಾಗಿ ಹಿಂತಿರುಗುತ್ತಿದ್ದರು. ಇಡೀ ಊರಿನಲ್ಲಿ ಆ ತಂಡದಿಂದ ಒಮ್ಮೆಯೂ ಮೋಸಹೋಗದ ಅಭಿಮಾನಿ ಅವರೊಬ್ಬರೇ.

ವಾಟರ್‌ಫರ್ಡ್‌ನಿಂದ ಬಸ್ಸಿನಲ್ಲಿ ಅರ್ಧ ಗಂಟೆ ಹೋದರೆ ನಾಕ್‌ಫಾರನ್. ಮೈಸೂರಿನ ಸರಸ್ವತಿಪುರಂನಿಂದ ಸಾಫ್ಟ್‌ವೇರ್ ಕೆಲಸದ ಮೇಲೆ ಅಲ್ಲಿಗೆ ಬಂದ ಮೂರ್ತಿಯವರು ಮಹಾ ಸಭ್ಯರು. ಆಫೀಸಿನಲ್ಲಿ ಅವರ ಈಮೇಲುಗಳು ‘ದಯವಿಟ್ಟು’ ಎಂದು ಶುರುವಾಗಿ ‘ಧನ್ಯವಾದ’ ಎಂದು ಮುಗಿಯುತ್ತಿದ್ದವು. ಬೀದಿಯಲ್ಲಿ ಯಾರು ಏನು ಕೇಳಿದರೂ ಆ ಊರಿನವರ ಹಾಗೆ ‘ಗ್ರ್ಯಾಂಡ್, ಗ್ರ್ಯಾಂಡ್’, ಎಲ್ಲ ಚೆನ್ನಾಗಿದೆ, ಅನ್ನುತ್ತಿದ್ದರು. ಮನೆಯಲ್ಲಿ ಪತ್ನಿ ಅನಸೂಯ ಇದ್ದರು, ಆದ್ದರಿಂದ ಅಲ್ಲಿ ಏನನ್ನೂ ಅನ್ನುತ್ತಿರಲಿಲ್ಲ. ಭೂಮಂಡಲದಲ್ಲಿ ಅವರು ಬಾಯಿ ಪೂರ್ತಿ ತೆರೆಯುತ್ತಿದ್ದ ಜಾಗ ಒಂದೇ: ಗೋಲಿನ ಹಿಂದಿನ ಸ್ಟ್ಯಾಂಡಿನ ಮೂರನೆಯ ಸಾಲಿನಲ್ಲಿ, ತುಕ್ಕು ಹಿಡಿದ ಕಂಬದ ಪಕ್ಕದ ಕುರ್ಚಿ. ಅದು ಅವರ ಸಿಂಹಾಸನ. ಶುಕ್ರವಾರ ಸಂಜೆ ಉಣ್ಣೆ ಟೋಪಿಯ ಕಿರೀಟ ಧರಿಸಿ, ಚಹಾದ ಲೋಟವನ್ನು ರಾಜದಂಡದಂತೆ ಹಿಡಿದು ಅದರ ಮೇಲೆ ಆಸೀನರಾದರೆಂದರೆ ಮುಂದಿನ ಎರಡು ಗಂಟೆ ಅಚ್ಚ ಕನ್ನಡದಲ್ಲಿ ಶರವರ್ಷ.

ಅವರ ಮುಖ್ಯ ತಕರಾರು, ಇವರಿಗೆ ಇದಕ್ಕೆ ಸಂಬಳ ಬೇರೆ ಕೊಡುತ್ತಾರಲ್ಲ ಎಂಬುದು. ಸೋಲಲು ತಮ್ಮ ಓಣಿಯ ಹುಡುಗರು ಎಂದೂ ಕಾಸು ಕೇಳಿದವರಲ್ಲ. ಗೋಲ್‌ಕೀಪರ್ ಫಿನ್‌ಬಾರ್ ಹಗಲು ಟೈರ್ ಅಂಗಡಿಯಲ್ಲಿ ದುಡಿಯುತ್ತಿದ್ದ. ದಿನವಿಡೀ ಉರುಳುವ ವಸ್ತುವನ್ನು ಹಿಡಿದು ನಿಲ್ಲಿಸುವವನಿಗೆ ಸಂಜೆ ಒಂದು ಚೆಂಡು ಕೈಗೆ ದಕ್ಕುವುದಿಲ್ಲವೆಂದರೆ ಏನರ್ಥ? “ಲೋ ಫಿನ್‌ಬಾರ್, ಅದು ಬಾಲ್ ಕಣೋ, ಬಾಣಲೆಯಿಂದ ತೆಗೆದ ಬೋಂಡಾ ಅಲ್ಲ,” ಎಂದು ಮೂರ್ತಿಯವರು ಗುಡುಗುತ್ತಿದ್ದರು. ಪಕ್ಕದಲ್ಲಿ ಕೂರುತ್ತಿದ್ದ ಮಗಳು ತನ್ವಿ ಅದನ್ನು ಇಂಗ್ಲಿಷಿಗೆ ತಿರುಗಿಸಿ ಸಾಲಿನವರಿಗೆಲ್ಲ ಹಂಚುತ್ತಿದ್ದಳು. ಕ್ರಮೇಣ ಸ್ಟ್ಯಾಂಡಿನ ಅರ್ಧ ಜನಕ್ಕೆ ಬೋಂಡಾ ಎಂದರೇನೆಂದು ಗೊತ್ತಾಯಿತು. ತನ್ವಿಯ ಆ ಕಡೆಯ ಕುರ್ಚಿಯಲ್ಲಿ ಅಭಿಮಾನಿಗಳ ಸಂಘದ ಕಾರ್ಯದರ್ಶಿ, ನಿವೃತ್ತ ಬಸ್ ಡ್ರೈವರ್ ಡೆಕ್ಲನ್. ತಂಡ ಎಂದೋ ಒಮ್ಮೆ ಗೆದ್ದ ದಿನ ಹಾಕಿದ್ದ ಮಫ್ಲರನ್ನು ಅಂದಿನಿಂದ ಒಗೆಯದೆ ಕಾಪಾಡಿಕೊಂಡು ಬಂದಿದ್ದ ಭಕ್ತ ಆತ.

ಇಂಥ ಸಾಮ್ರಾಜ್ಯದ ಮೇಲೆ ಕೊರೋನಾ ಬಂದು ಬಿತ್ತು. ಆಟಗಾರರು ಆಡಬಹುದು, ನೋಡುವವರು ಬರಬಾರದು ಎಂದು ಆಜ್ಞೆಯಾಯಿತು. ತಪ್ಪು ಮಾಡಿದವರನ್ನು ಬಿಟ್ಟು ತಪ್ಪು ತೋರಿಸುವವರನ್ನು ಮನೆಯಲ್ಲಿ ಕೂರಿಸಿದರು ಎಂದು ಮೂರ್ತಿಯವರು ಕನಲಿದರು. ಹಣ ಕಟ್ಟಿ ಲ್ಯಾಪ್‌ಟಾಪಿನಲ್ಲಿ ಪಂದ್ಯ ನೋಡಿದರು. ಆದರೆ ಲ್ಯಾಪ್‌ಟಾಪಿಗೆ ಬೈದರೆ ಏನು ಸುಖ? ಅಡುಗೆಮನೆಯಿಂದ ಅನಸೂಯ, “ಯಾರಿಗ್ರೀ ಹೇಳ್ತಿರೋದು?” ಎಂದು ಕೇಳುತ್ತಿದ್ದರು.

ಎರಡನೆಯ ವರ್ಷದ ವಸಂತದಲ್ಲಿ ಕ್ಲಬ್ಬಿನವರು ಒಂದು ಉಪಾಯ ಹೂಡಿದರು. ಅಭಿಮಾನಿಗಳು ಫೋಟೋ ಕಳಿಸಿದರೆ ಆಳೆತ್ತರದ ರಟ್ಟಿನ ಕಟೌಟ್ ಮಾಡಿಸಿ ಖಾಲಿ ಕುರ್ಚಿಗಳಲ್ಲಿ ಕೂರಿಸುವುದು. ಕಟೌಟ್ ಎಂದರೆ ಸಿನಿಮಾ ನಾಯಕರಿಗೆ, ಹಾರ ಹಾಕಿ ಹಾಲೆರೆಯುವ ಭಾಗ್ಯವಂತರಿಗೆ ಎಂದು ತಿಳಿದಿದ್ದ ಅನಸೂಯ, ಗಂಡನ ಹುಟ್ಟುಹಬ್ಬಕ್ಕೆ ಇದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲವೆಂದು ಗುಟ್ಟಾಗಿ ಫೋಟೋ ಕಳಿಸಿದರು. ಅವರ ಫೋನಿನಲ್ಲಿದ್ದ ಮೈದಾನದ ಚಿತ್ರ ಒಂದೇ. ಫಿನ್‌ಬಾರ್ ಕಾಲಸಂದಿಯಲ್ಲಿ ಚೆಂಡು ಬಿಟ್ಟ ಕ್ಷಣದಲ್ಲಿ ತನ್ವಿ ತೆಗೆದದ್ದು. ಕಣ್ಣುಗುಡ್ಡೆ ಹೊರಗೆ, ಮೀಸೆ ಮೇಲಕ್ಕೆ, ಬಾಯಿ ಬಾಗಿಲಿನಂತೆ ಅಗಲ, ನಾಲಗೆ ಅರ್ಧ ಗೇಣು ಮುಂದೆ.

ಮೊದಲ ಪಂದ್ಯದ ದಿನ ಲ್ಯಾಪ್‌ಟಾಪಿನಲ್ಲಿ ತಮ್ಮ ಸಿಂಹಾಸನದ ಮೇಲೆ ತಮ್ಮನ್ನೇ ಕಂಡು ಮೂರ್ತಿಯವರು ಪುಳಕಿತರಾದರು. ಸತ್ತ ಮೇಲೆ ವೀರಗಲ್ಲು ಸಿಕ್ಕವರುಂಟು, ಬದುಕಿದ್ದಾಗಲೇ ಸಿಕ್ಕವರೆಷ್ಟು ಜನ? ಆದರೆ ಪುಳಕ ಹೆಚ್ಚು ಹೊತ್ತು ಉಳಿಯಲಿಲ್ಲ. ಅಂದು ರೋವರ್ಸ್ ಗೆದ್ದಿತು. ಮುಂದಿನ ಪಂದ್ಯವನ್ನೂ ಗೆದ್ದಿತು. ಅದರ ಮುಂದಿನದನ್ನೂ ಗೆದ್ದಾಗ ಮೂರ್ತಿಯವರು ಊಟ ಬಿಟ್ಟರು.

ಈ ಹೊತ್ತಿನಲ್ಲೇ ಅನಸೂಯ ಸೂಪರ್‌ಮಾರ್ಕೆಟ್ಟಿನ ಸಾಲಿನಲ್ಲಿ ಡೆಕ್ಲನ್‌ಗೆ ಎದುರಾದರು. ಎರಡು ಮೀಟರ್ ದೂರದಿಂದ, ಮಾಸ್ಕಿನ ಒಳಗಿಂದ, ಡೆಕ್ಲನ್ ಆ ಕಟೌಟನ್ನು ಬಹಳ ಹೊಗಳಿದ. ಅನಸೂಯ ನಗುತ್ತ, ನಮ್ಮ ಕಡೆ ಹೊಸ ಮನೆ ಕಟ್ಟುವಾಗ ಇಂಥದೇ ಮುಖದ ಬೊಂಬೆ ತೂಗುಹಾಕುತ್ತಾರೆ, ದೃಷ್ಟಿಬೊಂಬೆ ಅಂತ, ಕೆಟ್ಟ ಕಣ್ಣು ಮನೆಗೆ ಬೀಳದೆ ಬೊಂಬೆಗೆ ಬೀಳಲಿ ಅಂತ, ಎಂದು ತಮಾಷೆಗೆ ಹೇಳಿದರು. ಒಗೆಯದ ಮಫ್ಲರಿನವನಿಗೆ ಇದು ತಮಾಷೆಯಾಗಿ ಕೇಳಲಿಲ್ಲ. ಆ ಸಂಜೆಯೇ ಆತ ಕಟೌಟನ್ನು ಸೀಟಿನಿಂದ ಎಬ್ಬಿಸಿ, ಗೋಲಿನ ಹಿಂದಿನ ಬೇಲಿಗೆ ತಂತಿಯಿಂದ ಬಿಗಿದ. ಜೊತೆಗೆ ಒಂದು ಸಿದ್ಧಾಂತವನ್ನೂ ಕಟ್ಟಿದ: ಇಷ್ಟು ವರ್ಷ ತಂಡವನ್ನು ತಿಂದ ಕೆಟ್ಟ ಕಣ್ಣು ಯಾವುದು? ವೆಂಕಿಯದೇ. ಈಗ ವೆಂಕಿ ಮನೆಯಿಂದ ಹಾಯಿಸುವ ಶಾಪವೆಲ್ಲ ವೆಂಕಿಯ ಮುಖಕ್ಕೇ ಬಡಿದು ಅಲ್ಲೇ ಬೀಳುತ್ತಿದೆ.

ಜೂನ್ ತಿಂಗಳಲ್ಲಿ ಸ್ವಲ್ಪ ಜನರನ್ನು ಒಳಗೆ ಬಿಡಲು ಅನುಮತಿ ಸಿಕ್ಕಿತು. ಮೂರ್ತಿಯವರು ಟೋಪಿ ಒಗೆಸಿ ಇಟ್ಟುಕೊಂಡಿದ್ದರು. ಡೆಕ್ಲನ್ ಮನೆ ಬಾಗಿಲಿಗೆ ಬಂದು, ಎರಡು ಹೆಜ್ಜೆ ಹಿಂದೆ ನಿಂತು, ಬೂಟಿನ ತುದಿ ನೋಡಿಕೊಂಡು ವಿಷಯ ಹೇಳಿದ.

“ತಪ್ಪು ತಿಳ್ಕೋಬೇಡ ವೆಂಕಿ. ನೀನಿಲ್ಲದೆ ಗೆಲ್ತಾ ಇದೀವಿ. ಈ ಸೀಸನ್ ನಿನ್ನ ರಟ್ಟೇ ಬರಲಿ.”

“ನಾನು ಟಿಕೆಟ್ ತಗೊಂಡಿದೀನಿ, ಡೆಕ್ಲನ್.”

“ರಟ್ಟು ಬಾಯಿ ಮುಚ್ಕೊಂಡಿರುತ್ತೆ.”

ಆ ರಟ್ಟಿನ ಬಾಯಿ ಎಷ್ಟು ತೆರೆದಿತ್ತೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಮೂರ್ತಿಯವರು ಸಭ್ಯರು, ಬಾಯಿಂದ ‘ಗ್ರ್ಯಾಂಡ್’ ಎಂದೇ ಬಂತು. ಬಾಗಿಲು ಹಾಕಿಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ರಾಜ್ಯ ಕಳೆದುಕೊಂಡ ಅರಸರನ್ನು ಓದಿದ್ದೇವೆ. ತಮ್ಮದೇ ಚಿತ್ರಪಟ ಸಿಂಹಾಸನ ಕಸಿದುಕೊಂಡ ಅರಸ ಇವರೊಬ್ಬರೇ ಇರಬೇಕು.

ಗಡೀಪಾರಾದ ಮೂರ್ತಿಯವರ ದಂಡು ಆಮೇಲೆ ಊರಾಚೆಯ ಪಾರ್ಕಿನತ್ತ ಹೊರಟಿತು. ಅಲ್ಲಿ ಭಾನುವಾರ ನಾಕ್‌ಫಾರನ್ ಹೆರನ್ಸ್ ಎಂಬ ಬೇಸ್‌ಬಾಲ್ ತಂಡ ಆಡುತ್ತಿತ್ತು. ಹೆರನ್ ಎಂದರೆ ಬಕಪಕ್ಷಿ, ಅವರು ನಿಲ್ಲುತ್ತಿದ್ದುದೂ ಹಾಗೆಯೇ, ನೀರಿಲ್ಲದ ಕಡೆ ಮೀನಿಗೆ ಕಾದಂತೆ. ಇವರಿಗೆ ಸಂಬಳವಿರಲಿಲ್ಲ, ಪ್ರೇಕ್ಷಕರಿರಲಿಲ್ಲ, ಗೆಲುವಂತೂ ಇರಲೇ ಇಲ್ಲ. ನಾಯಕ ಬೆಂಗಳೂರಿನ ದಿಲೀಪ್. ವಾಟರ್‌ಫರ್ಡ್‌ನಲ್ಲಿ ಮಾಸ್ಟರ್ಸ್ ಓದುವಾಗ ರೂಮಿನಲ್ಲಿದ್ದ ಅಮೆರಿಕದ ಹುಡುಗನಿಂದ ಈ ವಿದ್ಯೆ ಕಲಿತು, ಕ್ರಿಕೆಟ್ಟಿಗೆ ದ್ರೋಹ ಬಗೆದವನು. ಮೂರ್ತಿಯವರಿಗೆ ಅಷ್ಟು ಸಾಕಾಯಿತು. ಪಾರ್ಕು ಸಾರ್ವಜನಿಕ, ವಾಯುವಿಹಾರಕ್ಕೆ ಬಂದವರನ್ನು ಯಾರೂ ತಡೆಯುವಂತಿಲ್ಲ.

“ಕೈಗೆ ದಿಂಬು ಕಟ್ಕೊಂಡೂ ಕ್ಯಾಚ್ ಬಿಡ್ತೀರಲ್ಲೋ,” ಎಂದು ಅವರು ಮರದ ಕೆಳಗಿಂದ ಶುರುಮಾಡಿದರು. ಚೆಂಡು ಹೊಡೆಯದೆ ಔಟಾಗಿ ಬಂದ ದಿಲೀಪನಿಗೆ, “ನೊಣ ಓಡಿಸೋಕೆ ಅಷ್ಟು ದಪ್ಪ ದೊಣ್ಣೆ ಯಾಕಪ್ಪಾ?” ಎಂದರು. ಆದರೆ ಹೆರನ್ಸ್ ಮಂದಿ ವಿಚಿತ್ರ ಪ್ರಾಣಿಗಳು. ತಮ್ಮನ್ನು ನೋಡಲು ಒಬ್ಬ ಮನುಷ್ಯ ಬಂದಿದ್ದಾನೆಂಬುದೇ ಅವರಿಗೆ ಹಬ್ಬವಾಯಿತು. ಬೈದಷ್ಟೂ ಕೈ ಬೀಸಿದರು. ದಿಲೀಪ್ ಓಡಿಬಂದು, “ಸರ್, ಮುಂದಿನ ವಾರಾನೂ ಬನ್ನಿ ಸರ್,” ಎಂದು ಕೊಕ್ಕರೆ ಚಿತ್ರದ ಟೋಪಿಯೊಂದನ್ನು ಕೊಟ್ಟ. ಬೈದದ್ದಕ್ಕೆ ಬಹುಮಾನ ಪಡೆದು ಮನೆಗೆ ಬಂದ ಮೂರ್ತಿಯವರು ಇಂಥ ಅವಮಾನ ತಮಗೆ ಎಂದೂ ಆಗಿರಲಿಲ್ಲವೆಂದರು. ಆದರೂ ಭಾನುವಾರ ತಪ್ಪಿಸಲಿಲ್ಲ. ಆ ಬೇಸಿಗೆ ಹೆರನ್ಸ್ ಗೆಲ್ಲತೊಡಗಿದ್ದನ್ನು ಬೈಯುವ ಭರದಲ್ಲಿ ಅವರು ಗಮನಿಸಲಿಲ್ಲ. ಮಡಿಸುವ ಕುರ್ಚಿಯಲ್ಲಿ ಹೆಣಿಗೆ ಹಿಡಿದು ಕೂತಿರುತ್ತಿದ್ದ ಅನಸೂಯ ಗಮನಿಸಿದರು.

ಸೆಪ್ಟೆಂಬರ್ ಕೊನೆಗೆ ರೋವರ್ಸ್ ಎಂದೂ ಏರದ ಎತ್ತರಕ್ಕೆ ಏರಿತ್ತು. ಡಬ್ಲಿನ್ನಿನ ಒಂದು ತಂಡದೊಡನೆ ಪಂದ್ಯ, ಸಮ ಮಾಡಿಕೊಂಡರೂ ಮೇಲಿನ ಸುತ್ತಿಗೆ ಹೋಗುವ ದಾರಿ ಗಟ್ಟಿ. ಮೂರ್ತಿಯವರು ಲ್ಯಾಪ್‌ಟಾಪಿನ ಮುಂದೆ ಕೂತರು. ಅವರಿಗೆ ಬೇಕಿದ್ದದ್ದು ಒಂದೇ, ತಂಡ ಸೋಲಬೇಕು. ಬೇಲಿಯ ಮೇಲೆ ರಟ್ಟು ಇದ್ದೂ, ತಾವು ಇಲ್ಲದೆಯೂ ಸೋತರೆ ತಮ್ಮ ಮೇಲಿನ ಅಪವಾದ ಕಳೆಯುತ್ತದೆ, ಕುರ್ಚಿ ಮರಳುತ್ತದೆ. ಗೆದ್ದರೆ ಆ ಬೊಂಬೆ ಅಲ್ಲಿ ಶಾಶ್ವತ, ಇವರು ಮೆಟ್ಟಿಲ ಮೇಲೆ ಶಾಶ್ವತ.

ಫಿನ್‌ಬಾರ್ ಅಂದು ಹುಚ್ಚು ಹಿಡಿದವನಂತೆ ಆಡಿದ. ಎಡಕ್ಕೆ ಹಾರಿ ಒಂದು ತಡೆದ, ಬಲಕ್ಕೆ ಹಾರಿ ಒಂದು ತಡೆದ, ಮೂತಿಯಿಂದ ಒಂದು ತಡೆದ. ಮೂರ್ತಿಯವರು ಬೈಯಲು ಬಾಯಿ ತೆರೆದು ತೆರೆದು ಮುಚ್ಚಿದರು. ಬೈಯುವುದಕ್ಕೆ ಏನೂ ಸಿಗಲಿಲ್ಲ. ಕೊನೆಗೆ ಆತ ನೆಲಕ್ಕೆ ಸಮನಾಗಿ ತೇಲಿ ಬೆರಳ ತುದಿಯಿಂದ ಇನ್ನೊಂದನ್ನು ಕಂಬದಾಚೆ ತಳ್ಳಿದಾಗ, ಅವರಿಗೇ ಅರಿವಿಲ್ಲದೆ ಮಾತು ಜಾರಿತು.

“ಭಲೇ ಫಿನ್‌ಬಾರ್. ಬಂಗಾರದಂಥ ಕೈ ಕಣೋ ನಿಂದು.”

ತನ್ವಿ ತಲೆ ಎತ್ತಿ ಅಪ್ಪನನ್ನು ನೋಡಿದಳು. ಅನಸೂಯರ ಕೈಯಲ್ಲಿದ್ದ ಕೊತ್ತಂಬರಿ ಕಟ್ಟು ನಿಂತಲ್ಲೇ ನಿಂತಿತು. ಪರದೆಯ ಮೇಲೆ ರೋವರ್ಸ್‌ನವನೇ ಒಬ್ಬ ಚೆಂಡನ್ನು ಮೆಲ್ಲಗೆ ಫಿನ್‌ಬಾರ್ ಕಡೆ ಹಿಂದಕ್ಕೆ ತಳ್ಳಿದ. ಹಾಲುಗಲ್ಲದ ಕೂಸೂ ಹಿಡಿಯಬಹುದಾದ ಚೆಂಡು. ಅದು ಆ ಬಂಗಾರದ ಕೈಗಳ ನಡುವೆ ತೂರಿ, ಕಾಲಸಂದಿಯಲ್ಲಿ ಹೊರಬಿದ್ದು, ಯಾವ ಅವಸರವೂ ಇಲ್ಲದೆ ಗೋಲಿನೊಳಕ್ಕೆ ಉರುಳಿತು. ಬೇಲಿಯ ಮೇಲಿನ ಮೂರ್ತಿ ನಾಲಗೆ ಚಾಚಿ ನೋಡುತ್ತಿದ್ದರು.

ರೋವರ್ಸ್ ಸೋತಿತು. ನ್ಯಾಯ ಗೆದ್ದಿತು. ಮೂರ್ತಿಯವರು ಎದ್ದು ನಿಂತು ಎರಡೂ ಕೈ ಮೇಲೆತ್ತಿದರು. ಆದರೆ ಅನಸೂಯ ಅದನ್ನು ನೋಡಲೇ ಇಲ್ಲ.

“ತಾಗಿಸಿಬಿಟ್ರಲ್ರೀ,” ಎಂದರು. “ಯಾರಾದ್ರೂ ಹಾಗೆ ಬಾಯ್ತುಂಬ ಹೊಗಳ್ತಾರಾ? ಬೈದ್ರೆ ದೃಷ್ಟಿ ಆಗುತ್ತಾ ಎಲ್ಲಾದ್ರೂ? ದೃಷ್ಟಿ ಆಗೋದೇ ಹೊಗಳಿದ್ರೆ.”

ತನ್ವಿ ಇಂಗ್ಲಿಷಿನಲ್ಲಿ ಒಂದು ಆಕ್ಷೇಪಣೆ ಎತ್ತಿದಳು. ಲ್ಯಾಪ್‌ಟಾಪಿಗೆ ವಿಡಿಯೋ ತಡವಾಗಿ ಬರುತ್ತದೆ, ಅಪ್ಪ ಹೊಗಳುವ ಹೊತ್ತಿಗೆ ಅಲ್ಲಿ ಗೋಲು ಆಗಿಹೋಗಿತ್ತು.

“ದೃಷ್ಟಿಗೆ ಬ್ರಾಡ್‌ಬ್ಯಾಂಡ್ ಬೇಕಿಲ್ಲ ಕಣೇ,” ಎಂದ ಅನಸೂಯ, ಒಣಮೆಣಸಿನಕಾಯಿ ಮತ್ತು ಉಪ್ಪನ್ನು ಮುಷ್ಟಿಯಲ್ಲಿ ಹಿಡಿದು, ಪರದೆಯ ಮೇಲೆ ಮಂಡಿಯೂರಿ ಕೂತಿದ್ದ ಫಿನ್‌ಬಾರನಿಗೆ ನಿವಾಳಿಸಿ, ಕಾದ ಬಾಣಲೆಗೆ ಹಾಕಿದರು. ಹೊಗೆ ಮೇಲೇರಿತು. ಸ್ಮೋಕ್ ಅಲಾರಾಂ ಮೂರೂ ಕೋಣೆಗಳಲ್ಲಿ ಒಟ್ಟಿಗೆ ಕಿರುಚಿತು. ಮೈದಾನದಿಂದ ಮುಖ ಬಾಡಿಸಿಕೊಂಡು ಅದೇ ಬೀದಿಯಲ್ಲಿ ಮನೆಗೆ ಹೋಗುತ್ತಿದ್ದ ಡೆಕ್ಲನ್ ಬೆಂಕಿಯೆಂದು ಹೆದರಿ ಓಡಿಬಂದು ಬಾಗಿಲು ಬಡಿದ.

ಕೆಮ್ಮುತ್ತ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದವನಿಗೆ ಅನಸೂಯ ಎಲ್ಲವನ್ನೂ ಬಿಡಿಸಿ ಹೇಳಿದರು. ನೀನು ಶಾಸ್ತ್ರವನ್ನು ತಲೆಕೆಳಗು ಮಾಡಿಕೊಂಡಿದ್ದೀಯ, ನಮ್ಮಲ್ಲಿ ಮುದ್ದಾದ ಮಗುವನ್ನೂ ಚೆನ್ನಾಗಿದೆ ಅನ್ನುವುದಿಲ್ಲ, ಕೆನ್ನೆಗೆ ಮಸಿ ಇಡುತ್ತೇವೆ. ಇವರು ವರ್ಷಗಟ್ಟಲೆ ನಿಮ್ಮ ತಂಡಕ್ಕೆ ಇಡುತ್ತಿದ್ದದ್ದು ಅದೇ ಮಸಿ. ನಂಬಿಕೆಯಿಲ್ಲದಿದ್ದರೆ ಹೆರನ್ಸ್ ಹುಡುಗರನ್ನು ಕೇಳು, ಇವರು ಉಗಿಯಲು ಶುರುಮಾಡಿದ ಮೇಲೆ ಎಷ್ಟು ಗೆದ್ದಿದ್ದಾರೆಂದು.

ಡೆಕ್ಲನ್ ಬೆರಳು ಮಡಿಸಿ ಹಿಂದಿನ ಸೀಸನ್‌ಗಳನ್ನು ಎಣಿಸಿದ. ಹಾಗಾದರೆ ಅಷ್ಟು ವರ್ಷ ಇವನ ಮಸಿ ಇದ್ದೂ ನಾವು ಯಾಕೆ ಸೋತೆವು ಎಂದು ಕೇಳಿದ.

“ಅದಕ್ಕೆ ದೃಷ್ಟಿ ಬೇಕಾ?” ಎಂದರು ಮೂರ್ತಿಯವರು. “ನೀವು ಆಡೋದೇ ಹಾಗೆ.”

ಡೆಕ್ಲನ್ ಮುಖ ಅರಳಿತು. ತಿಂಗಳುಗಳ ಮೇಲೆ ಹಳೆಯ ವೆಂಕಿಯ ಧ್ವನಿ ಕೇಳಿದ್ದ.

ಅಕ್ಟೋಬರಿನಲ್ಲಿ ನಿರ್ಬಂಧ ತೆಗೆದರು, ಸ್ಟ್ಯಾಂಡು ತುಂಬಿತು. ರೋವರ್ಸ್‌ಗೆ ಮೇಲಿನ ಸುತ್ತಿನ ಆಸೆ ಅಂದು ಆಡಲಿದ್ದ ಒಂದು ಪಂದ್ಯದ ಮೇಲೆ ಉಳಿದಿತ್ತು. ಮಳೆಗೆ ಮೀಸೆ ಕರಗಿದ ರಟ್ಟನ್ನು ಬಿಚ್ಚಿ, ಚಹಾ ಅಂಗಡಿಯ ಹಿಂದೆ, ಸೀಗಲ್ ಹಕ್ಕಿಗಳು ಚಿಪ್ಸ್ ಕದಿಯದಂತೆ ನಿಲ್ಲಿಸಿದ್ದರು. ಡೆಕ್ಲನ್ ತನ್ನ ಕೈಯಾರೆ ಕಂಬದ ಪಕ್ಕದ ಕುರ್ಚಿ ಒರೆಸಿ ಮೂರ್ತಿಯವರನ್ನು ಕೂರಿಸಿ, ಒಂದು ಷರತ್ತು ಹಾಕಿದ: ಏನೇ ಆಗಲಿ, ಒಂದು ಒಳ್ಳೆಯ ಮಾತೂ ಬಾಯಿಂದ ಬರಕೂಡದು.

ಪಂದ್ಯ ಶುರುವಾಯಿತು. ಫಿನ್‌ಬಾರ್ ಮೊದಲ ಚೆಂಡನ್ನೇ ಚೊಕ್ಕವಾಗಿ ಹಿಡಿದ. ತನ್ವಿ ಮೈಮರೆತು, “ಅಪ್ಪಾ, ಹೀಸ್ ಗ್ರ್ಯಾಂಡ್ ಟುನೈಟ್,” ಎಂದುಬಿಟ್ಟಳು. ಇಡೀ ಸಾಲು ಗಾಬರಿಯಿಂದ ತಿರುಗಿ ನೋಡಿತು. ಡೆಕ್ಲನ್ ಶಿಲುಬೆ ಗುರುತು ಮಾಡಿಕೊಂಡ. ಕ್ಷಣವೂ ತಡಮಾಡುವಂತಿರಲಿಲ್ಲ. ಮೂರ್ತಿಯವರು ಚಹಾ ಲೋಟವನ್ನು ಮಗಳ ಕೈಗಿತ್ತು, ಟೋಪಿ ಸರಿಪಡಿಸಿಕೊಂಡು ಎದ್ದು ನಿಂತರು.

“ಲೋ ಫಿನ್‌ಬಾರ್, ಒಂದು ಹಿಡಿದ್ರೆ ಏನೋ ಆಯ್ತು, ಟೈರ್ ಅಂಗಡೀಲಿ ನಿನ್ ಬದ್ಲು ಜ್ಯಾಕ್ ನಿಲ್ಸಿದ್ರೂ ಅಷ್ಟು ಮಾಡುತ್ತೆ.”

ತನ್ವಿ ಅನುವಾದಿಸಿದಳು. ಸಾಲು ನಿಟ್ಟುಸಿರು ಬಿಟ್ಟಿತು. ಗೋಲಿನ ಬಾಯಿಯಲ್ಲಿ ಫಿನ್‌ಬಾರ್ ಹಿಂತಿರುಗಿ ನೋಡದೆ ಗವಸು ಹಾಕಿದ ಹೆಬ್ಬೆರಳು ಎತ್ತಿದ.

“ಬೆರಳು ಆಮೇಲೆ ತೋರಿಸುವೆಯಂತೆ,” ಎಂದರು ಮೂರ್ತಿಯವರು, “ಮೊದಲು ಬಾಲ್ ನೋಡೋ, ಬೋಂಡಾ.”