ಸುಲಿಯದ ತೆಂಗಿನಕಾಯಿ

ಮಡಿಲು ತುಂಬುವಾಗ ಸುಲಿದ ಕಾಯಿ ಇಡುತ್ತಾರೆ. ನಾರೆಲ್ಲ ತೆಗೆದು, ಜುಟ್ಟು ಬಿಟ್ಟು, ಅರಿಶಿನ ಕುಂಕುಮ ಹಚ್ಚಿ. ತವರಿನಿಂದ ಹೊರಟ ಹೆಣ್ಣುಮಗಳು ಸೆರಗೊಡ್ಡಿ ಅದನ್ನು ಅಕ್ಕಿ, ಬೆಲ್ಲ, ವೀಳ್ಯದೆಲೆಯ ಜೊತೆ ತೆಗೆದುಕೊಂಡು ಹೋಗಿ ಗಂಡನ ಮನೆಯಲ್ಲಿ ಒಡೆದು ಸಿಹಿ ಮಾಡಬೇಕು. ಇಂಥ ವಿಷಯಗಳಲ್ಲಿ ನನ್ನ ಅಮ್ಮ ಕೂದಲೆಳೆಯಷ್ಟೂ ಆಚೀಚೆ ಹೋದವಳಲ್ಲ. ಅಂಥವಳು ಅರಸೀಕೆರೆ ಸ್ಟೇಷನ್ನಿನಲ್ಲಿ ನನ್ನ ಮಡಿಲಿಗೆ ಹಾಕಿದ್ದು ಸಿಪ್ಪೆ ಸಮೇತ ಇಡೀ ಕಾಯಿ.

ಆವತ್ತು ನಾನೂ ನನ್ನ ಗಂಡನೂ ಹುಬ್ಬಳ್ಳಿಗೆ ಹೊರಟಿದ್ದೆವು. ಅಲ್ಲಿ ನಮಗೆ ಕೆಲಸವಿರಲಿಲ್ಲ, ಮನೆಯಿರಲಿಲ್ಲ, ಗುರುತಿನವರು ಅಂತ ಒಂದು ನರಪಿಳ್ಳೆಯೂ ಇರಲಿಲ್ಲ. ಅದಕ್ಕೇ ಆ ಊರನ್ನು ಆರಿಸಿಕೊಂಡಿದ್ದು. ಬೆಂಗಳೂರಿನಲ್ಲಿ ಬೀದಿಗೊಬ್ಬರಂತೆ ನನ್ನ ನೆಂಟರಿದ್ದರು.

ನನ್ನ ಅಪ್ಪ ಬೇಲೂರಿನಲ್ಲಿ ದೇವರ ನೈವೇದ್ಯದ ಅಡುಗೆ ಮಾಡುತ್ತಿದ್ದವರು. ನನ್ನ ಗಂಡ ಅರಸೀಕೆರೆ ಹತ್ತಿರದ ಹಳ್ಳಿಯವರು. ಅವರ ಮನೆಯ ನಡುಗೋಡೆಯ ಮೇಲೆ ಬುದ್ಧನ ಪಟ ಬಂದು ಒಂದು ತಲೆಮಾರು ಆಗಿತ್ತು. ಹಳೇಬೀಡಿನ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಅವರು ಗಣಿತದ ಮೇಷ್ಟ್ರು, ನಾನು ಕನ್ನಡದ ಮಿಸ್ಸು. ಇಬ್ಬರೂ ರಿಜಿಸ್ಟರ್ ಮದುವೆಯಾದ ವಾರದೊಳಗೆ ಶಾಲೆಯವರು ಕರೆದು, ಮಕ್ಕಳ ತಂದೆತಾಯಿಗಳು ಏನೇನೋ ಮಾತಾಡ್ತಾರೆ, ನೀವೇ ಅರ್ಥ ಮಾಡ್ಕೊಳ್ಳಿ ಎಂದರು. ಅರ್ಥ ಮಾಡಿಕೊಂಡೆವು. ನನ್ನ ಗಂಡನ ಮನೆಯವರು ನಮ್ಮನ್ನು ಬೇಡ ಅನ್ನಲಿಲ್ಲ. ಗಲಾಟೆ ತಣ್ಣಗಾಗುವ ತನಕ ದೂರ ಇರಿ ಎಂದರು, ಅಷ್ಟೆ. ನನ್ನ ಅಪ್ಪ ಮಾತ್ರ ನಾನು ಬಾಗಿಲಿಗೆ ಹೋದಾಗ ಎದ್ದು ಒಳಗೆ ಹೋದರು. ಬೈದಿದ್ದರೆ ತಿರುಗಿ ಬೈದು ಹಗುರವಾಗುತ್ತಿದ್ದೆ.

ಅಮ್ಮ ಹಾರನಹಳ್ಳಿಯ ತೋಟಕ್ಕೆ ಹೋಗಿ ಬರುತ್ತೇನೆ ಎಂದು ಹೇಳಿ ಬೇಲೂರಿನಿಂದ ಬಸ್ಸು ಹತ್ತಿ ಸ್ಟೇಷನ್ನಿಗೆ ಬಂದಿದ್ದಳಂತೆ. ತೋಟ ಅಂದರೆ ಹತ್ತಾರು ತೆಂಗಿನ ಮರ. ಅದರ ಕಾಯಿಗಳೇ ನಮ್ಮ ಅಡುಗೆಮನೆಯ ಅಟ್ಟದಲ್ಲಿ ಒಣಗಿ ಕೊಬ್ಬರಿಯಾಗುತ್ತಿದ್ದವು. "ಪೂರ್ವಕ್ಕೆ ತಿರುಗು" ಎಂದಳು ಅಮ್ಮ. ಪ್ಲಾಟ್‌ಫಾರ್ಮಿನಲ್ಲಿ ಪೂರ್ವ ಯಾವುದೆಂದು ನನಗೆ ತಿಳಿಯಲಿಲ್ಲ. "ತಿಪಟೂರಿನ ಕಡೆ" ಎಂದು ನನ್ನ ಗಂಡ ಹೇಳಿಕೊಟ್ಟರು. ರೈಲು ಹೋಗುವುದು ಒಂದು ಕಡೆ, ನಾನು ಸೆರಗೊಡ್ಡಿ ನಿಂತದ್ದು ಇನ್ನೊಂದು ಕಡೆ. ಚಹಾದವನೂ ಕೂಗುವುದನ್ನು ಬಿಟ್ಟು ನೋಡುತ್ತಿದ್ದ.

ಅಕ್ಕಿ, ಬೆಲ್ಲ ಹಾಕಿ ಆಮೇಲೆ ಚೀಲದಿಂದ ಆ ಕಾಯಿ ತೆಗೆದಳು.

"ಸುಲಿಯೋಕೆ ಪುರುಸೊತ್ತಾಗಲಿಲ್ವ ಅತ್ತೆ?" ಎಂದರು ನನ್ನ ಗಂಡ. ಅವರು ಅವಳನ್ನು ಅತ್ತೆ ಎಂದದ್ದು ಅದೇ ಮೊದಲು.

"ಸುಲಿದಿದ್ದು ಬೇಗ ಕೆಡುತ್ತಪ್ಪ. ಇದು ವರ್ಷ ಇರುತ್ತೆ" ಎಂದಳು. ನನ್ನ ಕಡೆ ತಿರುಗಿ, "ಒಡೀಬೇಡ. ಒಳಗಿನ ನೀರೆಲ್ಲ ಬತ್ತಿ, ಅಲ್ಲಾಡಿಸಿದಾಗ ಕೊಬ್ಬರಿ ಲೊಟಲೊಟ ಅನ್ನಬೇಕು. ಆವಾಗ ತಗೊಂಡು ಮನೆಗೆ ಬಾ. ಅಲ್ಲೇ ಒಡೆದು ಹೋಳಿಗೆ ಮಾಡೋಣ" ಎಂದಳು.

"ಅಪ್ಪ?" ಎಂದು ಕೇಳಿದೆ.

"ಹೇಳಿದಷ್ಟು ಮಾಡು" ಎಂದಳು. ರೈಲು ಬಂತು. ಅಮ್ಮ ಅಳಲಿಲ್ಲ, ನಾನು ದಾವಣಗೆರೆ ತನಕ ಅತ್ತೆ.

ಹುಬ್ಬಳ್ಳಿಯಲ್ಲಿ ಒಂದು ಕೋಣೆ ಸಿಕ್ಕಿತು. ಆ ಸೀಮೆಯ ಮಾತು ಮೊದಮೊದಲು ಜಗಳದ ಹಾಗೆ ಕೇಳುತ್ತಿತ್ತು. ಮನೆಯೊಡತಿ "ಏನ್ ಬೇಕವಾ?" ಎಂದರೂ ನಾನು ಬೆಚ್ಚಿ ಬೀಳುತ್ತಿದ್ದೆ. ಆದರೆ ಒಂದು ಪ್ರಶ್ನೆಗೆ ಅಲ್ಲೂ ಇಲ್ಲೂ ಏನೂ ವ್ಯತ್ಯಾಸವಿರಲಿಲ್ಲ. ನೀರು ಹಿಡಿಯುವಾಗ, ಕರಿಬೇವು ಕೇಳಲು ಬಂದಾಗ, ಬಹಳ ಪ್ರೀತಿಯಿಂದಲೇ ಕೇಳುತ್ತಿದ್ದರು. "ನೀವ್ ಯಾರ ಪೈಕಿರಿ?" ನನ್ನ ಗಂಡ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮುಂದಿನ ತಿಂಗಳು ಆಕೆಯ ತಮ್ಮನಿಗೆ ಆ ಕೋಣೆ ಬೇಕಾಯಿತು. ಎರಡನೆಯ ಮನೆಯಲ್ಲಿ ನನ್ನ ಗಂಡ ಬಾಯಿ ಬಿಡುವ ಮೊದಲೇ ನಾನು ನನ್ನ ಅಪ್ಪನ ಉದ್ಯೋಗ ಹೇಳಿಬಿಟ್ಟೆ. ಆ ಒಡತಿ ಖುಷಿಯಾಗಿ ನನಗೆ ಮೊಸರು ಕೊಟ್ಟಳು. ಅವರು ಆ ದಿನ ಮೊಸರು ಮುಟ್ಟಲಿಲ್ಲ. ಕೊನೆಗೆ ಆ ಮನೆಯನ್ನು ನಾವಾಗಿಯೇ ಬಿಟ್ಟೆವು. ಎಲ್ಲಿಗೆ ಹೋದರೂ ಕಾಯಿ ಹೋಯಿತು, ಪಾತ್ರೆಗಳಿಗಿಂತ ಮೊದಲು. ಅಟ್ಟವಿಲ್ಲದ್ದಕ್ಕೆ ಕಿಟಕಿಯ ಮೇಲಿನ ಹಲಗೆಯಲ್ಲಿ, ಸೀಮೆಎಣ್ಣೆ ಸ್ಟೋವಿನ ಬಿಸಿ ತಾಗುವಲ್ಲಿ ಇಟ್ಟಿದ್ದೆವು.

ಕೆಲಸ ಸುಲಭಕ್ಕೆ ಸಿಗಲಿಲ್ಲ. ಅವರು ಒಂದು ಜೆರಾಕ್ಸ್ ಅಂಗಡಿಯಲ್ಲಿ ನಿಂತರು. ನಾನು ಅಕ್ಕಪಕ್ಕದ ಮಕ್ಕಳಿಗೆ ಪಾಠ ಹೇಳಿದೆ. ಅವರಿಗೆ ಗಣಿತವೆಂದರೆ ಪ್ರಾಣ. ದಿನವಿಡೀ ಬೇರೆಯವರ ಮಾರ್ಕ್ಸ್ ಕಾರ್ಡು ಪ್ರತಿ ತೆಗೆದು ಬಂದು ಗೋಡೆಗೊರಗಿ ಕೂರುವರು. ನನ್ನನ್ನು ಕಟ್ಟಿಕೊಳ್ಳದಿದ್ದರೆ ಹಳೇಬೀಡಿನಲ್ಲೇ ಸುಖವಾಗಿರುತ್ತಿದ್ದರು ಎಂದುಕೊಳ್ಳುತ್ತಿದ್ದೆ. ಬಾಯಿಬಿಟ್ಟು ಹೇಳಿದ ದಿನ ಅವರು, "ಸಾಕು, ಸಿನಿಮಾ ಡೈಲಾಗ್ ಬಿಡು" ಎಂದು ಕಾಯಿ ಇಳಿಸಿ ಕಿವಿಗಿಟ್ಟುಕೊಂಡು ಅಲ್ಲಾಡಿಸಿದರು. "ಇನ್ನೂ ನೀರೈತೆ ಕಣೇ" ಎಂದರು. ಬೇಸರವಾದಾಗಲೆಲ್ಲ ನಮಗೆ ಅದೇ ಆಟವಾಯಿತು.

ಒಂದು ಬೆಳಿಗ್ಗೆ ಅವರು ಕಾಯಿಯನ್ನು ನನ್ನ ಕಿವಿಯ ಹತ್ತಿರ ತಂದು ಅಲ್ಲಾಡಿಸಿದರು. ಒಳಗೆ ಕೊಬ್ಬರಿ ಗಿಟುಕು ಚಿಪ್ಪಿಗೆ ಬಡಿಯುತ್ತಿತ್ತು. ನಾನು ಕೈಯಲ್ಲಿದ್ದ ಸೌಟು ಅಲ್ಲೇ ಬಿಟ್ಟು ಬ್ಯಾಗು ಹುಡುಕಲು ಎದ್ದೆ.

"ತಡಿ" ಎಂದರು. "ಈಗ ಹೋದ್ರೆ ನಿಮ್ಮಪ್ಪ ಏನಂತಾರೆ? ಮಗಳನ್ನ ಕರ್ಕಂಡೋಗಿ ಉಪವಾಸ ಕೆಡವವ್ನೆ ಅಂತಾರೆ. ಒಂದು ಕೆಲಸ ಅಂತ ಆಗ್ಲಿ. ತಲೆ ಎತ್ಕಂಡು ಹೋಗೋಣ."

ನನಗೂ ಅದು ಸರಿಯೆನಿಸಿತು. ಎದ್ದು ಒಳಗೆ ಹೋದ ಅಪ್ಪನ ಬೆನ್ನು ನನಗೆ ನೆನಪಿತ್ತು. ಬರಿಗೈಯಲ್ಲಿ ಹೋಗಿ ಅದನ್ನೇ ಇನ್ನೊಮ್ಮೆ ನೋಡುವ ಧೈರ್ಯ ನನಗಿರಲಿಲ್ಲ.

ಬೇಲೂರಿನಲ್ಲಿ ನಮ್ಮ ಬೀದಿಯ ಮೂಲೆಯ ಅಂಗಡಿಗೆ ಫೋನು ಮಾಡಿದರೆ ಅಮ್ಮನನ್ನು ಕರೆಯುತ್ತಿದ್ದರು. ಊಟ ಆಯ್ತಾ ಎಂದು ಕೇಳಿ, ಮರುಮಾತಿಗೇ "ಕಾಯಿ ಏನಾಯ್ತು?" ಎನ್ನುವಳು.

"ಇನ್ನೂ ನೀರಿದೆ ಅಮ್ಮ."

ಆ ಕೊಯ್ಲಿನ ಕಾಯಿಗಳೇ ಅಮ್ಮನ ಅಟ್ಟದಲ್ಲೂ ಇದ್ದವು, ಅವು ಯಾವತ್ತೋ ಒಣಗಿ ಮಂಡಿಗೆ ಹೋಗಿದ್ದವು. "ಹೌದು, ಈ ಸಲದ್ದು ತಡವೇ" ಎನ್ನುವಳು. ಮುಂದಿನ ಫೋನಿನಲ್ಲೂ ಹಾಗೇ ಕೇಳುವಳು, ನಾನು ಹಾಗೇ ಹೇಳುವೆ, ಅವಳು ಹಾಗೇ ನಂಬುವಳು.

ಮುಂದಿನ ಬೇಸಿಗೆ ಕಳೆದು ಶಾಲೆಗಳು ಶುರುವಾದಾಗ ಅವರಿಗೆ ಒಂದು ಹೈಸ್ಕೂಲಿನಲ್ಲಿ ಗಣಿತದ ಕೆಲಸ ಸಿಕ್ಕಿತು. ಗೌರಿ ಹಬ್ಬಕ್ಕೆ ಹೋಗುವುದೆಂದು ನಿಶ್ಚಯ ಮಾಡಿದೆವು. ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ, ಕಾರಣ ಹುಡುಕಬೇಕಾಗಿರಲಿಲ್ಲ. ಅಪ್ಪನಿಗೆ ಪಂಚೆ ಕೊಂಡೆವು, ಅಮ್ಮನಿಗೆ ಇಳಕಲ್ ಸೀರೆ. ಕಾಯಿಯ ಧೂಳು ಒರೆಸಿ ಬ್ಯಾಗಿನಲ್ಲಿ ಎಲ್ಲಕ್ಕಿಂತ ಕೆಳಗೆ ಇಟ್ಟೆ. ಈ ಸಲ ಫೋನಿನಲ್ಲಿ ಹೇಳದೆ ಹೋಗಿ ಅವಳ ಮುಂದೆ ಅಲ್ಲಾಡಿಸಿ ತೋರಿಸಬೇಕೆಂದು ನನ್ನ ಆಸೆ.

ಹಬ್ಬಕ್ಕೆ ಇನ್ನೂ ದಿನಗಳಿರುವಾಗ ಮನೆಯೊಡತಿಯ ಫೋನಿಗೆ ಸುದ್ದಿ ಬಂತು. ಅಮ್ಮ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ಒಳಗೆ ಬಂದವಳು ಅಲ್ಲೇ ಕುಸಿದಳಂತೆ. ರೈಲು ಹಿಡಿದು ಅರಸೀಕೆರೆಗೆ ಬಂದು, ಬಸ್ಸಿನಲ್ಲಿ ಬೇಲೂರು ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳ ಮುಖ ನೋಡಲೂ ನನಗೆ ಸಿಗಲಿಲ್ಲ.

ಅಪ್ಪ ಜಗಲಿಯ ಮೇಲೆ ಕೂತಿದ್ದರು. ಈ ಸಲ ಎದ್ದು ಒಳಗೆ ಹೋಗಲಿಲ್ಲ. ಟವೆಲ್ಲು ತೆಗೆಯಲು ನಾನು ಬ್ಯಾಗು ಬಿಚ್ಚಿದಾಗ ಕಾಯಿ ಕಾಣಿಸಿತು. ಅವರು ಕೈ ಚಾಚಿ ಅದನ್ನು ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದರು.

"ಇದು ಒಣಗಿ ವರ್ಷದ ಮೇಲಾಯ್ತಲ್ಲ" ಎಂದರು.

ನಾನು ತಲೆಯಾಡಿಸಿದೆ.

"ನೀರಿದೆ ಅಂತಿದ್ದೆಯಂತೆ. ಪ್ರತಿ ಸಲ ಬಂದು ಹೇಳೋಳು." ಅವರ ಬೆರಳು ಕಾಯಿಯ ಸಿಪ್ಪೆಯ ಮೇಲೆ ಆಡುತ್ತಿತ್ತು. "ಇದನ್ನ ಅಟ್ಟದಿಂದ ಇಳಿಸಿ ಕೊಟ್ಟವನು ನಾನು. ಸುಲೀಬೇಡ, ಹಾಗೇ ಕೊಡು ಅಂದವನೂ ನಾನೇ. ಇದು ಒಣಗೋ ಹೊತ್ತಿಗೆ ನನ್ನ ಕೋಪಾನೂ ಇಳಿದಿರುತ್ತೆ, ಆಗ ಬರಲಿ ಅಂದಿದ್ದೆ. ನಾನು ಹೇಳಿದ್ದು ಅಂತ ಮಾತ್ರ ಹೇಳಬೇಡ ಅಂದೆ. ಅವಳು ಹೇಳಲಿಲ್ಲ."

ನಾನು ಅಲ್ಲೇ ಕಂಬ ಹಿಡಿದು ಕೂತು ಅತ್ತೆ. ನನ್ನ ಗಂಡ ಬೀದಿಯಲ್ಲೇ, ಚಪ್ಪಲಿ ಬಿಡಬೇಕೋ ಬಿಡಬಾರದೋ ತಿಳಿಯದೆ ನಿಂತಿದ್ದರು. ಅಪ್ಪ ಅವರನ್ನು ನೋಡಿ, "ಒಳಗೆ ಬನ್ನಿ" ಎಂದರು.

ಅತ್ತು ಮುಗಿದ ಮೇಲೆ, "ಇದನ್ನ ಏನು ಮಾಡೋಣ ಅಪ್ಪ?" ಎಂದು ಕೇಳಿದೆ.

"ಈ ವರ್ಷ ಈ ಮನೇಲಿ ಹೋಳಿಗೆ ಮಾಡೋ ಹಾಗಿಲ್ಲ, ನಿನ್ನ ಮಡಿಲು ತುಂಬೋ ಹಾಗೂ ಇಲ್ಲ. ವರ್ಷಾಂತಿಕ ಆಗಲಿ. ಇಬ್ಬರೂ ಬನ್ನಿ, ನಿಮ್ಮ ಚಿಕ್ಕಮ್ಮ ಮಾಡ್ತಾಳೆ. ಅಲ್ಲೀ ತನಕ ಮೇಲೇ ಇರಲಿ" ಎಂದರು.

ಅಡುಗೆಮನೆಗೆ ನಡೆದರು. ಅಟ್ಟಕ್ಕೆ ಹತ್ತುವಷ್ಟು ಈಗ ಅವರ ಮೊಣಕಾಲು ಗಟ್ಟಿಯಿರಲಿಲ್ಲ. ಏಣಿಯನ್ನು ಗೋಡೆಗೆ ಆನಿಸಿ ನನ್ನ ಗಂಡನ ಕೈಗೆ ಕಾಯಿ ಕೊಟ್ಟರು. ಹೊರಗಿನವರು ಹೊಸ್ತಿಲು ದಾಟದ ಅಡುಗೆಮನೆ ಅದು. ಒಲೆಯ ಹತ್ತಿರ ನಿಂತಿದ್ದ ಚಿಕ್ಕಮ್ಮ ಏನೋ ಹೇಳಲು ಬಾಯಿ ತೆರೆದು, ಅಪ್ಪನ ಮುಖ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ನನ್ನ ಗಂಡ ಹತ್ತಿದರು, ಅಪ್ಪ ಕೆಳಗೆ ಎರಡೂ ಕೈಯಲ್ಲಿ ಏಣಿ ಹಿಡಿದುಕೊಂಡಿದ್ದರು.

ಒಣಗಿದ ಕೊಬ್ಬರಿಯನ್ನು ಇನ್ನೊಂದು ವರ್ಷ ಇಟ್ಟರೆ ಕಮಟು ಹಿಡಿಯುತ್ತದೆ, ಯಾವ ಹೋಳಿಗೆಗೂ ಬರುವುದಿಲ್ಲ. ತೆಂಗಿನ ಸೀಮೆಯ ನಮ್ಮ ಮೂವರಿಗೂ ಅದು ಗೊತ್ತಿತ್ತು. ಯಾರೂ ಹೇಳಲಿಲ್ಲ.