ಮಿನಾಜ ಹಾಕಿ ನೋಡಿದ ಲಿನಕ್ಸ್‌ಗಳು

ತಿಕೋಟಾದ ಮಿನಾಜ ವಿಜಯಪುರದ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ವರ್ಷಗಟ್ಟಲೆ ಕಲಿಸಿದವರು. ತಾವು ದಿನವೂ ಹತ್ತುತ್ತಿದ್ದ ಬಸ್ಸಿಗೆ ತಮ್ಮ ಓಣಿಯ ಹೆಣ್ಣುಮಕ್ಕಳು ಬರುವುದಿಲ್ಲವೆಂಬುದನ್ನು ಅವರು ಗಮನಿಸಿದ್ದರು. ನಗರಕ್ಕೆ ಕಳಿಸಲು ಮನೆಯವರು ಒಪ್ಪುತ್ತಿರಲಿಲ್ಲ. ಈ ಬೇಸಿಗೆ ರಜೆಗೆ ತಮ್ಮ ಪಡಸಾಲೆಯಲ್ಲೇ ಕ್ಲಾಸು ತೆರೆಯುವುದಾಗಿ ಎಲ್ಲರಿಗೂ ಹೇಳಿ ಕೆಲಸ ಬಿಟ್ಟರು.

ಕೇಂದ್ರದವರು ಬೇಡವೆಂದ ಐದು ಹಳೆಯ ಲ್ಯಾಪ್‌ಟಾಪುಗಳು ಅವರಿಗೆ ಸಿಕ್ಕಿದ್ದವು. ಎಲ್ಲವೂ ಒಂದೇ ಮಾದರಿಯವು. ಹೊಸ ವಿಂಡೋಸ್ ಅವುಗಳ ಮೇಲೆ ನಡೆಯದು, ಹಳೆಯದಕ್ಕೆ ಬೆಂಬಲ ನಿಂತುಹೋಗಿದೆ. ಉಳಿದ ದಾರಿ, ವಿಂಡೋಸ್ ಬದಲಿಗೆ ಯಂತ್ರ ನಡೆಸುವ ಲಿನಕ್ಸ್. ಅದು ಉಚಿತ, ಬಗೆಗಳೂ ಹತ್ತಾರು. ಸಿಕ್ಕಿದ ದಿನವೇ ಒಂದು ಲ್ಯಾಪ್‌ಟಾಪು ಬಬಲೇಶ್ವರದಲ್ಲಿರುವ ತಂಗಿ ಜೀನತಳ ಮನೆಗೆ ಹೋಯಿತು. ನಾಲ್ಕು ಮಿನಾಜರ ಮನೆಯಲ್ಲಿ ಉಳಿದವು.

ಮೊದಲು ಹಾಕಿದ ಲಿನಕ್ಸ್ ಆ ಯಂತ್ರಗಳಿಗೆ ಭಾರವಾಯಿತು. ಫ್ಯಾನಿನ ಸದ್ದಿಗೆ ಪಕ್ಕದವರ ಮಾತು ಕೇಳಿಸುತ್ತಿರಲಿಲ್ಲ. ನಂತರ ಮಿಂಟ್ ಎಂಬ ಹಗುರವಾದ ಬಗೆ ಹಾಕಿದರು. ಧ್ವನಿ, ಕನ್ನಡ ಅಕ್ಷರ ಎಲ್ಲ ಸರಿಯಿದ್ದವು. ವೈಫೈ ಮಾತ್ರ ಇಲ್ಲ. ಈ ಮಾದರಿಯ ವೈಫೈ ಲಿನಕ್ಸಿಗೆ ಒಗ್ಗುವುದಿಲ್ಲವೆಂದು ಅಂತರ್ಜಾಲದಲ್ಲಿ ಯಾರೋ ಬರೆದಿದ್ದನ್ನು ನಂಬಿ ಮತ್ತೊಂದು ಬಗೆ ಹಾಕಿದರು, ಆಮೇಲೆ ಇನ್ನೊಂದು. ಯಾವುದರಲ್ಲೂ ವೈಫೈ ಬರಲಿಲ್ಲ. ಕ್ಲಾಸು ಶುರುವಾಗುವುದು ಸೋಮವಾರ. ಇಂಟರ್‌ನೆಟ್ ಇಲ್ಲದ ಕ್ಲಾಸಿಗೆ ಮಕ್ಕಳು ಬರುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು.

ಗಂಡ ಶಕೀಲ ಮನೆಯಲ್ಲೇ ಒಣದ್ರಾಕ್ಷಿ ಮಾಡುವವರು. ಅವರಿಗೆ ಇದೆಲ್ಲ ತಮಾಷೆ.

"ಹೆಣ್ಣ ನೋಡಾಕ ಹ್ವಾದವರಂಗ ಲಿನಕ್ಸ ನೋಡಾಕತ್ತೀಯಲ್ಲ. ಒಂದೂ ಪಸಂದ ಬರವಲ್ದು."

ಮಿನಾಜ ಉತ್ತರ ಕೊಡುವ ಮೊದಲೇ ಜೀನತಳ ಫೋನು ಬಂತು. ಅಕ್ಕ ಹೇಳಿಕೊಟ್ಟಂತೆ ಮಿಂಟ್ ಹಾಕಿದ್ದಾಳಂತೆ, ವೈಫೈ ತಾನಾಗಿಯೇ ಬಂತಂತೆ.

"ಸುಳ್ಳ ಹೇಳಬ್ಯಾಡ."

"ಸುಳ್ಳ್ಯಾಕ ಹೇಳ್ಲಿ ಆಪಾ? ಈಗ ವೈಫೈದಾಗನ ಮಾತಾಡಾಕತ್ತೇನಿ, ಇದ ಲ್ಯಾಪ್‌ಟಾಪಿನಾಗ."

ಅದೇ ಮಾದರಿ, ಅದೇ ಮಿಂಟ್. ಬೇರೆಯಾಗಿದ್ದುದು ಮನೆ ಮಾತ್ರ. ಮಿನಾಜ ತಮ್ಮ ಯಂತ್ರದ ಬಿಡಿಭಾಗಗಳ ಪಟ್ಟಿ ತೆರೆದರು. ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಸಿಗದಿದ್ದರೂ ವೈಫೈ ಕಾರ್ಡಿನ ಹೆಸರಾದರೂ ಅಲ್ಲಿರಬೇಕಿತ್ತು. ಹೆಸರೇ ಇರಲಿಲ್ಲ. ಮಕ್ಕಳಿಗೆ ತಾವೇ ಕಲಿಸುತ್ತಿದ್ದ ಪಾಠವದು: ಹೆಸರೂ ಕಾಣದಿದ್ದರೆ ಮೊದಲು ಯಂತ್ರ ಬಿಚ್ಚಿ ನೋಡಬೇಕು.

ಬಿಚ್ಚಿದಾಗ ಕಾರ್ಡಿನ ಹೊಂಬಣ್ಣದ ಹಲ್ಲುಗಳು ಕಪ್ಪಾಗಿದ್ದವು. ಆ ಬಣ್ಣವನ್ನು ಅವರು ಹಿಂದೆಯೂ ನೋಡಿದ್ದರು. ಮದುವೆಯಲ್ಲಿ ಬಂದ ಬೆಳ್ಳಿ ಗೆಜ್ಜೆ ಹೀಗೇ ಕಪ್ಪಾಗಿತ್ತು, ದ್ರಾಕ್ಷಿ ಕೋಣೆಯ ಪಕ್ಕದ ಕಪಾಟಿನಲ್ಲಿಟ್ಟಾಗ. ಒಣದ್ರಾಕ್ಷಿಗೆ ಹಳದಿ ಬಣ್ಣ ಬರಲೆಂದು ಆ ಕೋಣೆಯಲ್ಲಿ ಗಂಧಕದ ಹೊಗೆ ಹಾಕುತ್ತಾರೆ. ಧೂಳು ಬೀಳದಿರಲೆಂದು ಈ ನಾಲ್ಕು ಲ್ಯಾಪ್‌ಟಾಪುಗಳೂ ದ್ರಾಕ್ಷಿ ಸುಗ್ಗಿಯುದ್ದಕ್ಕೂ ಅದೇ ಕಪಾಟಿನಲ್ಲಿದ್ದವು. ಇಟ್ಟವರು ಮಿನಾಜರೇ.

ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಕಾರ್ಡನ್ನು ಮತ್ತೆ ಕೂರಿಸಿ, ಮಿಂಟ್‌ಗೇ ಮರಳಿದರು. ಮೂರರಲ್ಲಿ ವೈಫೈ ಬಂತು. ನಾಲ್ಕನೆಯದರ ಹಲ್ಲು ಪೂರ್ತಿ ಸವೆದಿತ್ತು. ಅದಕ್ಕೆ ಇಂಟರ್‌ನೆಟ್ ಕೊಡಲು ತಮ್ಮ ಮೊಬೈಲನ್ನೇ ತಂತಿಯಿಂದ ಜೋಡಿಸಿದರು. ಮಿಂಟ್ ಏನನ್ನೂ ಕೇಳದೆ ಒಪ್ಪಿಕೊಂಡಿತು.

ಶಕೀಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಅಂದ್ರ ಹೆಣ್ಣಿನಾಗ ಏನೂ ಐಬ ಇದ್ದಿದ್ದಿಲ್ಲ."

"ಇಲ್ಲ. ಗಂಡಿನ ಮನ್ಯಾಗಿತ್ತು," ಎಂದರು ಮಿನಾಜ.

ಭಾನುವಾರ ಶಕೀಲ ಕಪಾಟನ್ನೇ ಎತ್ತಿಸಿ ಪಡಸಾಲೆಗೆ ತಂದಿಟ್ಟರು. ಸೋಮವಾರ ಮೊದಲು ಬಂದವಳು ಎದುರು ಮನೆಯ ರೇಣುಕಾ. ಅವಳ ತಾಯಿ ತಮ್ಮ ಹೊಸ್ತಿಲಲ್ಲೇ ನಿಂತು, ಮಗಳು ತಂತಿ ಜೋಡಿಸಿದ ಯಂತ್ರದ ಮುಂದೆ ಕೂರುವವರೆಗೂ ನೋಡಿ ಒಳಗೆ ಹೋದರು.