ಬೆಂಕಿಗೂಡಿನೊಳಗಿನ ಸಾಹುಕಾರರು

ಬಿರುಬೇಸಿಗೆಯ ಮಧ್ಯಾಹ್ನ ಸಾಹುಕಾರರು ತಮ್ಮ ಹೊಸ ಬಂಗಲೆಯ ಬೆಂಕಿಗೂಡಿನೊಳಗೆ ಮಂಡಿ ಮಡಚಿ ಕುಳಿತು ಮಜ್ಜಿಗೆ ಕುಡಿಯುತ್ತಿದ್ದರು. ಕಿಟಕಿ ಪರದೆಗಳ ಅಳತೆಗೆಂದು ಹೋಗಿದ್ದ ದರ್ಜಿ ನಾನು. ಟೇಪು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ.

ಮ್ಯಾಂಗನೀಸ್ ಅದಿರಿನಲ್ಲಿ ದುಡ್ಡು ಕಂಡ ಮೇಲೆ ಅವರು ಊಟಿಗೆ ಹೋಗಿ ಇಂಗ್ಲಿಷ್ ದೊರೆಯೊಬ್ಬರ ಮನೆ ನೋಡಿ ಬಂದಿದ್ದರು. ಬಂದವರೇ ಹೊಸಪೇಟೆಯ ತೋಟದಲ್ಲಿ ಅಪ್ಪ ಕಟ್ಟಿಸಿದ್ದ ತಂಪಾದ ಮಣ್ಣಿನ ಮಾಳಿಗೆ ಮನೆ ಕೆಡವಿ, ಅದೇ ನಮೂನೆಯ ಬಂಗಲೆ ಎಬ್ಬಿಸಿದರು. ಪಡುವಣ ಬಿಸಿಲಿಗೆ ಆಳೆತ್ತರದ ಗಾಜಿನ ಕಿಟಕಿಗಳು, ಗೋಡೆಯಲ್ಲಿ ಚಳಿ ಕಾಯಿಸಿಕೊಳ್ಳುವ ಬೆಂಕಿಗೂಡು, ಅದರ ಮೇಲೆ ಸೂರಿನಾಚೆ ಬಾಯಿ ತೆರೆದ ಹೊಗೆಕೊಳವೆ. ಊಟಿಯಿಂದ ಚಳಿ ತರುವುದನ್ನು ಮಾತ್ರ ಮರೆತಿದ್ದರು.

“ಬಾರಪ ಒಳಗ. ಇಡೀ ಮನ್ಯಾಗ ಗಾಳಿ ಆಡೋ ಜಾಗ ಇದೊಂದ ಐತಿ,” ಎಂದರು.

“ಎಷ್ಟು ಕಿಟಕಿ ಅಳೀಲ್ರಿ ಸಾವ್ಕಾರ್ರ?”

“ಕಿಟಕಿ ಆಮ್ಯಾಲ. ಮೊದಲು ಈ ಗೂಡಿಗೊಂದು ಪರದೆ ಹೊಲಿ. ಬಂಗ್ಲೆ ನೋಡಾಕ ಭಾಳ ಮಂದಿ ಬರ್ತಾರ, ನಾ ಇದರಾಗ ಕುಂತದ್ದು ಕಾಣಬಾರ್ದು.”

ನಕ್ಕರೆ ಕೆಲಸ ಹೋಗುತ್ತಿತ್ತು. ಟೇಪಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಅವರ ಮೊಣಕಾಲು ಸರಿಸಿ, ಅಳತೆ ತೆಗೆದೆ.

ಅಂದಿನಿಂದ ಯಾರಾದರೂ ಬಂಗಲೆಯ ಬಡಾಯಿ ಕೊಚ್ಚಿದರೆ, ಕಂಬ ಎಷ್ಟು, ಕಿಟಕಿ ಎಷ್ಟು ಎಂದು ನಾನು ಕೇಳುವುದಿಲ್ಲ. ಮಧ್ಯಾಹ್ನ ಎಲ್ಲಿ ಕೂಡುತ್ತೀರಿ ಎಂದಷ್ಟೇ ಕೇಳುತ್ತೇನೆ.